ಸಮಾರಾ ಜಾಯ್ ಅವರ ‘ಪೋರ್ಟ್ರೇಟ್’: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಆಲ್ಬಂ ಬಂದಾಗಿನಿಂದ ಸಿಕ್ಕವರಿಗೆಲ್ಲ ಕೇಳಿಸುತ್ತಾ ಬಂದಿದ್ದೇನೆ. ಗೆಳತಿಯರು, ಅಕ್ಕನ ಮಕ್ಕಳು, ಸಂಗೀತ ಕಲಿಸುವ ಮೇಷ್ಟ್ರು, ಪತ್ರ ಬರೆಯುವ ಓದುಗರು, ಎಲ್ಲರೂ ಹೆಚ್ಚುಕಡಿಮೆ ಅವೇ ಪ್ರಶ್ನೆಗಳನ್ನು ಕೇಳುತ್ತಾರೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟಿದ್ದೇನೆ. ಎಲ್ಲಿಂದ ಬೇಕಾದರೂ ಓದಲು ಶುರು ಮಾಡಿ.

## ಮೊದಲ ಸಲ ಕೇಳುವವರಿಗೆ

ಈ ಸಮಾರಾ ಜಾಯ್ ಯಾರು? ಹೆಸರೇ ಕೇಳಿಲ್ಲ.

1999ರ ನವೆಂಬರ್‌ನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹುಟ್ಟಿದ ಗಾಯಕಿ. ಮನೆತನವೇ ಹಾಡಿನದು. ಅಜ್ಜ ಅಜ್ಜಿ ಫಿಲಡೆಲ್ಫಿಯಾದಲ್ಲಿ ‘ಸ್ಯಾವೆಟ್ಸ್’ ಎಂಬ ಗಾಸ್ಪೆಲ್ ತಂಡ ನಡೆಸುತ್ತಿದ್ದವರು. ಅಪ್ಪ ಹಾಡುತ್ತಾರೆ, ಬೇಸ್ ನುಡಿಸುತ್ತಾರೆ. ಹಾಗಾಗಿ ಮೊದಲು ಬಾಯಿಗೆ ಬಂದದ್ದು ಚರ್ಚಿನ ಹಾಡು. ಸ್ಕೂಲಿನ ಜಾಜ್ ತಂಡದಲ್ಲಿ ಹಾಡಿದ್ದರೂ, ಜಾಜ್ ಮನಸ್ಸಿಗೆ ಹತ್ತಿದ್ದು ನ್ಯೂಯಾರ್ಕ್ ರಾಜ್ಯದ ಪರ್ಚೇಸ್ ಎಂಬ ಊರಿನ ಕಾಲೇಜಿಗೆ ಸೇರಿದ ಮೇಲೆ. ಅಲ್ಲಿ ಹಿಂದಿನ ತಲೆಮಾರಿನ ಜಾಜ್ ಗಾಯಕಿಯರಾದ ಸಾರಾ ವಾನ್, ಎಲಾ ಫಿಟ್ಜೆರಾಲ್ಡ್ ಅವರ ಹಳೆಯ ರೆಕಾರ್ಡಿಂಗುಗಳು ಕಿವಿಗೆ ಬಿದ್ದವು. 2019ರಲ್ಲಿ, ಇನ್ನೂ ಓದುತ್ತಿರುವಾಗಲೇ, ಸಾರಾ ವಾನ್ ಹೆಸರಿನ ಅಂತರರಾಷ್ಟ್ರೀಯ ಜಾಜ್ ಗಾಯನ ಸ್ಪರ್ಧೆ ಗೆದ್ದರು. 2021ರಲ್ಲಿ ಮೊದಲ ಆಲ್ಬಂ, 2022ರಲ್ಲಿ ‘ಲಿಂಗರ್ ಅವೈಲ್’. ‘ಪೋರ್ಟ್ರೇಟ್’ ಬಂದದ್ದು 2024ರ ಅಕ್ಟೋಬರ್‌ನಲ್ಲಿ, ವರ್ವ್ ಕಂಪನಿಯಿಂದ.

ಆಲ್ಬಂನಲ್ಲಿ ಎಷ್ಟು ಹಾಡಿವೆ? ಯಾವುದು ಹಳೇದು, ಯಾವುದು ಹೊಸದು?

ಎಂಟು ಟ್ರ್ಯಾಕ್ ಇವೆ. ನಾಲ್ಕು ಪಕ್ಕಾ ಹಳೆಯ ಹಾಡುಗಳು, ಜಾಜ್‌ನವರು ‘ಸ್ಟ್ಯಾಂಡರ್ಡ್’ ಅನ್ನುವಂಥವು: ‘ಯೂ ಸ್ಟೆಪ್ಡ್ ಔಟ್ ಆಫ್ ಎ ಡ್ರೀಮ್’, ‘ಆಟಮ್ ನಾಕ್ಟರ್ನ್’, ‘ನೋ ಮೋರ್ ಬ್ಲೂಸ್’, ‘ಡೇ ಬೈ ಡೇ’. ಎರಡರಲ್ಲಿ ರಾಗ ಹಳೆಯದು, ಸಾಹಿತ್ಯ ಸಮಾರಾ ಅವರದು: ‘ರೀಇನ್‌ಕಾರ್ನೇಶನ್ ಆಫ್ ಎ ಲವ್‌ಬರ್ಡ್’ ಮತ್ತು ‘ನೌ ಅಂಡ್ ದೆನ್’. ‘ಎ ಫೂಲ್ ಇನ್ ಲವ್’ ಬ್ಯಾಂಡಿನ ಟ್ರೊಂಬೋನ್ ವಾದಕ ಡಾನವನ್ ಆಸ್ಟಿನ್ ಬರೆದ ಹೊಸ ಹಾಡು. ಇನ್ನೊಂದು ‘ಪೀಸ್ ಆಫ್ ಮೈಂಡ್’. ಅದು ಸಮಾರಾ ಅವರ ಸ್ವಂತ ಹಾಡು, ಆದರೆ ಕೊನೆಗೆ ಜಾಜ್ ಪಿಯಾನೊ ವಾದಕ ಸನ್ ರಾ ಅವರ ಹಳೆಯ ಹಾಡೊಂದಕ್ಕೆ ಸೇರಿಕೊಳ್ಳುತ್ತದೆ.

ಸ್ಟ್ಯಾಂಡರ್ಡ್ ಅಂದ್ರೆ ಏನು? ಸುಮ್ನೆ ಹಳೇ ಹಾಡು ಅಂತಾನಾ?

ಹಳೆಯದಾದರೆ ಸಾಲದು. ಎಲ್ಲರೂ ಹಾಡುವ, ಎಲ್ಲರಿಗೂ ಬರುವ ಹಾಡಾಗಿರಬೇಕು. 1920ರಿಂದ 1950ರವರೆಗೆ ಅಮೆರಿಕದ ನಾಟಕಗಳಿಗೆ, ಸಿನಿಮಾಗಳಿಗೆ ಬರೆದ ಸಾವಿರಾರು ಹಾಡುಗಳಲ್ಲಿ ಕೆಲವನ್ನು ಜಾಜ್ ಕಲಾವಿದರು ಎತ್ತಿಕೊಂಡರು. ನಾಟಕ ಮರೆತುಹೋಯಿತು, ಹಾಡು ಉಳಿಯಿತು. ‘ಯೂ ಸ್ಟೆಪ್ಡ್ ಔಟ್ ಆಫ್ ಎ ಡ್ರೀಮ್’ 1941ರ ‘ಜಿಗ್‌ಫೆಲ್ಡ್ ಗರ್ಲ್’ ಸಿನಿಮಾದ್ದು. ಇವತ್ತು ಆ ಸಿನಿಮಾ ನೋಡಿದವರು ಕಡಿಮೆ, ಹಾಡು ನುಡಿಸದ ಜಾಜ್ ವಾದಕರೂ ಕಡಿಮೆ.

ನಮ್ಮಲ್ಲಿ ದಾಸರ ಪದ ಹೀಗೇ ಅಲ್ವಾ? ‘ಭಾಗ್ಯದ ಲಕ್ಷ್ಮೀ ಬಾರಮ್ಮ’ ಭೀಮಸೇನ ಜೋಶಿಯವರ ಬಾಯಲ್ಲಿ ಒಂದು ಥರ, ಎಂ.ಎಸ್. ಸುಬ್ಬುಲಕ್ಷ್ಮಿಯವರ ಬಾಯಲ್ಲಿ ಇನ್ನೊಂದು ಥರ. ಎರಡನೆಯವರು ಮೊದಲನೆಯವರದ್ದನ್ನು ಕದ್ದರು ಅಂತ ಯಾರೂ ಹೇಳುವುದಿಲ್ಲ.

ನಂಗೆ ಜಾಜ್ ಗಂಧಗಾಳಿ ಇಲ್ಲ. ಇದರಿಂದಲೇ ಶುರು ಮಾಡ್ಲಾ?

ಮಾಡಬಹುದು. ಆದರೆ ಒಂದೇ ಒಂದು ಹಾಡು ಮೊದಲು ಕೇಳಿ ಬನ್ನಿ: ಹಿಂದಿನ ಆಲ್ಬಂನ ‘ಗೆಸ್ ಹೂ ಐ ಸಾ ಟುಡೇ’. 1952ರ ಒಂದು ನಾಟಕದ ಹಾಡು. ಸಂಜೆ ಗಂಡ ತಡವಾಗಿ ಮನೆಗೆ ಬಂದಿದ್ದಾನೆ. ಹೆಂಡತಿ ತನ್ನ ದಿನ ಹೇಗಿತ್ತು ಅಂತ ಹೇಳುತ್ತಾ ಹೋಗುತ್ತಾಳೆ. ಪೇಟೆಗೆ ಹೋಗಿದ್ದೆ, ಒಂದು ಹೋಟೆಲಿಗೆ ಹೊಕ್ಕೆ, ಅಲ್ಲಿ ಒಂದು ಜೋಡಿ ಕೂತಿತ್ತು, ಎಷ್ಟು ಅನ್ಯೋನ್ಯವಾಗಿತ್ತು ಗೊತ್ತಾ ಅಂತ. ಆ ಜೋಡಿಯಲ್ಲಿದ್ದ ಗಂಡಸು ಯಾರು ಅನ್ನೋದು ಕೊನೆಯ ಸಾಲಿನಲ್ಲಿ. ಸಮಾರಾ ಎಲ್ಲೂ ದನಿ ಏರಿಸಿ ಜಗಳ ಆಡುವುದಿಲ್ಲ. ಚಹಾ ಕೊಡುತ್ತಾ ಮಾತಾಡಿದ ಹಾಗೆ ಹಾಡುತ್ತಾರೆ. ಈ ಒಂದು ಹಾಡು ಹಿಡಿಸಿದರೆ ‘ಪೋರ್ಟ್ರೇಟ್’ ಬಾಗಿಲು ತೆರೆದ ಹಾಗೆ.

ಇಂಗ್ಲಿಷ್ ಸಾಹಿತ್ಯ ಅರ್ಧ ತಿಳಿಯಲ್ಲ. ಪರವಾಗಿಲ್ವಾ?

ಏನೂ ಪರವಾಗಿಲ್ಲ. ಮೊದಲ ಎರಡು ಸಲ ದನಿ ಮಾತ್ರ ಕೇಳಿ. ಮೂರನೇ ಸಲ ಸಾಹಿತ್ಯ ಎದುರಿಗಿಟ್ಟುಕೊಳ್ಳಿ. ತೆಲುಗು ಬಾರದೆ ತ್ಯಾಗರಾಜರನ್ನು ಕೇಳಿ ಬೆಳೆದವರು ನಾವು.

## ಒಂದೆರಡು ಸಲ ಕೇಳಿದ ಮೇಲೆ

ಹಳೇ ಹಾಡನ್ನೇ ಹಾಡೋದಾದ್ರೆ ಇವರದ್ದು ಅಂತ ಏನಿದೆ ಇದರಲ್ಲಿ?

‘ನೋ ಮೋರ್ ಬ್ಲೂಸ್’ ತೆಗೆದುಕೊಳ್ಳಿ. ಮೂಲ ಬ್ರೆಜಿಲ್‌ನದು, ಆಂಟೋನಿಯೊ ಕಾರ್ಲೊಸ್ ಜೊಬಿಮ್ ಅವರ ರಾಗ. 1958ರಲ್ಲಿ ರೆಕಾರ್ಡ್ ಆಗಿ ಬೊಸಾ ನೋವಾ ಅನ್ನುವ ಶೈಲಿಗೇ ನಾಂದಿ ಹಾಡಿತು. ಮೊದಲ ಅರ್ಧ ಮೈನರ್, ಆಮೇಲೆ ಮೇಜರ್. ದುಃಖದಲ್ಲಿ ಶುರುವಾದ ಹಾಡಿಗೆ ಮಧ್ಯದಲ್ಲಿ ಬೆಳಕು ಬೀಳುತ್ತದೆ. ಇಷ್ಟು ಎಲ್ಲರಿಗೂ ಸಿಗುವ ಬಂಡವಾಳ.

ಆ ಬೆಳಕನ್ನು ಎಷ್ಟು ಹೊತ್ತು ತಡೆದು ಹಿಡಿಯಬೇಕು, ಯಾವ ಪದವನ್ನು ತಾಳಕ್ಕಿಂತ ಒಂದು ಚೂರು ಹಿಂದೆ ಇಡಬೇಕು, ಯಾವ ಸ್ವರವನ್ನು ಉಸಿರಿನಲ್ಲೇ ಬಿಟ್ಟುಬಿಡಬೇಕು, ಇದೆಲ್ಲ ಹಾಡುವವರದ್ದು. ಹಾಡಿನ ಸುತ್ತ ಕಟ್ಟಿದ ಅರೇಂಜ್‌ಮೆಂಟ್, ಅಂದರೆ ಯಾವ ವಾದ್ಯ ಎಲ್ಲಿ ಏನು ನುಡಿಸಬೇಕು ಅನ್ನುವ ಜೋಡಣೆ, ಕೂಡ ಹೊಸದು. ಈ ಆಲ್ಬಂನಲ್ಲಿ ಅದನ್ನು ಬರೆಯುವ ಕೆಲಸದಲ್ಲಿ ಬ್ಯಾಂಡಿನ ಹುಡುಗರೂ ಕೈಹಾಕಿದ್ದಾರೆ.

ತಾಳ ಹಾಕೋಕೆ ಹೋದ್ರೆ ತಪ್ಪುತ್ತೆ. ಹೇಗೆ ಹಾಕೋದು?

ನಾವು ಮೊದಲ ಎಣಿಕೆಗೆ ತಟ್ಟಿ ಅಭ್ಯಾಸವಾದವರು. ಜಾಜ್‌ನಲ್ಲಿ ನಾಲ್ಕು ಎಣಿಸಿ, ಎರಡಕ್ಕೂ ನಾಲ್ಕಕ್ಕೂ ಚಿಟಿಕೆ ಹಾಕಿ. ಡ್ರಮ್ಮರ್‌ನ ಎಡಗಾಲಿನ ಕೆಳಗೆ ಎರಡು ಸಣ್ಣ ತಟ್ಟೆಗಳು ‘ಚಿಕ್’ ಅಂತ ಮುಚ್ಚಿಕೊಳ್ಳುವುದು ಸಾಮಾನ್ಯವಾಗಿ ಅಲ್ಲೇ. ಅದನ್ನು ಕಿವಿಯಲ್ಲಿ ಹಿಡಿದರೆ ಆಮೇಲೆ ತಪ್ಪುವುದಿಲ್ಲ.

ಇನ್ನೊಂದು ಲೆಕ್ಕ. ಬಹಳಷ್ಟು ಸ್ಟ್ಯಾಂಡರ್ಡ್‌ಗಳು 32 ಬಾರ್ ಉದ್ದ. ಒಂದು ಬಾರ್‌ಗೆ ನಾಲ್ಕು ಎಣಿಕೆ. ಅಂದರೆ 128 ಎಣಿಕೆ, ನಮ್ಮ ಆದಿತಾಳದಲ್ಲಿ 16 ಆವರ್ತನ. ಈ 16 ಆವರ್ತನ ಮುಗಿದರೆ ಹಾಡು ಒಂದು ಸುತ್ತು ಬಂದಂತೆ. ಆಮೇಲೆ ಅದೇ ಸುತ್ತಿನ ಮೇಲೆ ಒಬ್ಬೊಬ್ಬರಾಗಿ ನುಡಿಸುತ್ತಾರೆ. ಕಳೆದುಹೋದ ಹಾಗೆ ಅನ್ನಿಸಿದರೆ ಮನಸ್ಸಿನಲ್ಲೇ ಮೂಲ ಹಾಡನ್ನು ಗುನುಗುತ್ತಿರಿ, ಎಲ್ಲಿದ್ದೀರಿ ಅಂತ ಗೊತ್ತಾಗುತ್ತದೆ.

ಎರಡನೇ ಟ್ರ್ಯಾಕ್ ಶುರುವಿನಲ್ಲಿ ಬರೀ ಗಂಟಲು. ಬ್ಯಾಂಡ್ ಎಲ್ಲಿ ಹೋಯ್ತು?

ಬೇಕಂತಲೇ ಸುಮ್ಮನಿದೆ. ‘ರೀಇನ್‌ಕಾರ್ನೇಶನ್ ಆಫ್ ಎ ಲವ್‌ಬರ್ಡ್’ ಒಂಟಿ ದನಿಯಲ್ಲಿ ಶುರುವಾಗುತ್ತದೆ. ಶ್ರುತಿ ಹಿಡಿಯಲು ತಂಬೂರಿ ಇಲ್ಲ, ಪಿಯಾನೊ ಇಲ್ಲ, ತಾಳವೂ ಇಲ್ಲ. ರಾಗ ಬೇರೆ ಅಂಕುಡೊಂಕು. ಒಂದು ಸ್ವರದಿಂದ ದೂರದ ಇನ್ನೊಂದಕ್ಕೆ ನೆಗೆಯಬೇಕು. ವಾದ್ಯಕ್ಕೆ ಬರೆದದ್ದು, ಗಂಟಲಿಗಲ್ಲ.

ಇದನ್ನು ಮೊದಲು ಮನೆಯಲ್ಲಿ ಹಾಕಿದ್ದು ಅವರೇಕಾಯಿ ಕಾಲದಲ್ಲಿ. ಅಮ್ಮ ಅಡುಗೆಮನೆಯಲ್ಲಿ ಕೂತು ನೆನೆಸಿದ ಕಾಳನ್ನು ಹಿತುಕುತ್ತಿದ್ದಳು. ಒಂದೊಂದೇ ಕಾಳು ಬೆರಳ ನಡುವೆ ಒತ್ತಿ, ಬೇಳೆ ಪಾತ್ರೆಗೆ, ಸಿಪ್ಪೆ ಪೇಪರಿಗೆ. ಅಮ್ಮ ಚಿಕ್ಕಂದಿನಲ್ಲಿ ವರ್ಣದವರೆಗೆ ಪಾಠ ಮಾಡಿದವಳು. ಹಾಡು ಶುರುವಾಗಿ ಸ್ವಲ್ಪ ಹೊತ್ತಿಗೆ ಪಾತ್ರೆಗೆ ಬೇಳೆ ಬೀಳುವ ಸದ್ದು ನಿಂತಿತು. ತಿರುಗಿ ನೋಡಿದರೆ ಒಂದು ಕಾಳು ಬೆರಳಲ್ಲೇ ಇದೆ, ಅಮ್ಮ ಫೋನ್ ಕಡೆ ನೋಡುತ್ತಿದ್ದಾಳೆ. ‘ಇವಳಿಗೆ ಆಧಾರ ಶ್ರುತಿ ಯಾರು ಕೊಡ್ತಿದ್ದಾರೆ ಕಣೇ?’ ಅಂದಳು. ಯಾರೂ ಇಲ್ಲಮ್ಮ ಅಂದೆ. ಅಷ್ಟರಲ್ಲಿ ಬ್ಯಾಂಡ್ ಸೇರಿಕೊಂಡಿತು. ಶ್ರುತಿ ಕೂದಲೆಳೆಯಷ್ಟೂ ಜಾರಿರಲಿಲ್ಲ. ‘ಅಯ್ಯೋ, ಇಷ್ಟು ಬೇಗ ಬಂದ್ಬಿಟ್ರಾ’ ಅಂತ ಬೇಜಾರು ಮಾಡಿಕೊಂಡಳು.

ಹಾಗಾದ್ರೆ ಇದು ನಮ್ಮ ಆಲಾಪನೆ ಥರಾನೇ ಅಂತೀರಾ?

ಕೇಳುವ ಅನುಭವ ಹತ್ತಿರ, ಕೆಲಸ ಬೇರೆ. ನಮ್ಮ ಆಲಾಪನೆ ಒಂದು ರಾಗದ ಒಳಗೆ ಇಳಿಯುತ್ತದೆ. ಷಡ್ಜ ಅಲುಗುವುದಿಲ್ಲ. ಜಾಜ್‌ನಲ್ಲಿ ಕೆಳಗಿನ ನೆಲವೇ ಸರಿಯುತ್ತಿರುತ್ತದೆ. ಕಾರ್ಡ್ ಅಂದರೆ ಒಟ್ಟಿಗೆ ಮೊಳಗುವ ಮೂರು ನಾಲ್ಕು ಸ್ವರಗಳ ಗೊಂಚಲು. ಒಂದೆರಡು ಬಾರ್‌ಗೆ ಒಮ್ಮೆ ಅದು ಬದಲಾಗುತ್ತದೆ. ಈಗ ಹಾಯಾಗಿ ಕೂತ ಸ್ವರ ಮರುಕ್ಷಣ ಅಪಸ್ವರ ಅನ್ನಿಸಬಹುದು. ಹಾಡುವವರು ಬರುವ ಕಾರ್ಡ್ ಯಾವುದು ಅಂತ ಮೊದಲೇ ಮನಸ್ಸಿನಲ್ಲಿ ಕೇಳಿಸಿಕೊಂಡಿರಬೇಕು. ವಾದ್ಯವೇ ಇಲ್ಲದೆ ಹಾಡುವಾಗಲೂ ಸಮಾರಾ ಆ ಕಾಣದ ಕಾರ್ಡ್‌ಗಳ ಮೇಲೇ ಕಾಲಿಡುತ್ತಿರುತ್ತಾರೆ.

ಇಷ್ಟು ಚೆಂದದ ದನಿ ಇಟ್ಕೊಂಡು ಯಾಕೆ ಅಷ್ಟು ಊದೋ ವಾದ್ಯ? ದನಿ ಮುಚ್ಚಿಹೋಗಲ್ವಾ?

ಈ ದೂರು ಬಹಳ ಜನರದ್ದು. ಹಿಂದಿನ ಆಲ್ಬಂನಲ್ಲಿ ಹೆಚ್ಚಾಗಿ ಗಿಟಾರ್, ಪಿಯಾನೊ, ಬೇಸ್, ಡ್ರಮ್ಸ್ ಇದ್ದವು. ದನಿ ಮುಂದೆ, ಉಳಿದದ್ದೆಲ್ಲ ಹಿಂದೆ. ಇಲ್ಲಿ ಟ್ರಂಪೆಟ್, ಆಲ್ಟೊ ಸ್ಯಾಕ್ಸೊಫೋನ್, ಟೆನರ್ ಸ್ಯಾಕ್ಸೊಫೋನ್, ಟ್ರೊಂಬೋನ್ ಸೇರಿ ಏಳು ವಾದಕರಿದ್ದಾರೆ. ಎಂಟನೆಯವರು ಸಮಾರಾ. ಕೆಲವು ಕಡೆ ಅವರು ಪದವನ್ನೇ ಬಿಟ್ಟು, ಬರೀ ಸ್ವರದಲ್ಲಿ ಆ ನಾಲ್ಕರ ಜೊತೆ ಐದನೆಯ ಊದುವ ವಾದ್ಯವಾಗಿ ಸೇರಿಕೊಳ್ಳುತ್ತಾರೆ.

ನನಗೆ ಈ ಆಲ್ಬಂ ಇಷ್ಟವಾಗುವುದೇ ಇದಕ್ಕೆ. 23 ವರ್ಷಕ್ಕೆ ‘ಹೊಸ ಕಲಾವಿದೆ’ ಗ್ರ್ಯಾಮಿ ಪ್ರಶಸ್ತಿ ಕೈಯಲ್ಲಿದೆ. ಜನ ದನಿ ಕೇಳಲು ಕಾಯುತ್ತಿದ್ದಾರೆ. ಸುಲಭದ ದಾರಿ ಅಂದರೆ ದೊಡ್ಡ ತಂತಿವಾದ್ಯದ ತಂಡ ಕರೆಸಿ, ಎಲ್ಲರಿಗೂ ಗೊತ್ತಿರುವ ಹತ್ತು ಹಾಡು ಹಾಡುವುದು. ಅವರು ತಮ್ಮ ಓರಗೆಯ ವಾದಕರನ್ನು ಕಟ್ಟಿಕೊಂಡು, ಕಷ್ಟದ ರಾಗಗಳನ್ನು ಆರಿಸಿ, ತಮ್ಮ ದನಿಯನ್ನು ಗುಂಪಿನ ಮಧ್ಯೆ ನಿಲ್ಲಿಸಿದರು. ಹೆಡ್‌ಫೋನ್ ಹಾಕಿ ಕೇಳಿ, ದನಿ ಮುಚ್ಚಿಹೋಗಿಲ್ಲ. ಕೂತಿರುವ ಜಾಗ ಬದಲಾಗಿದೆ.

‘ಶೂಬಿ ಡೂಬಿ’ ಅಂತ ಹಾಡ್ತಾರಲ್ಲ, ಅದು ಇದೇನಾ?

ಅದು ಸ್ಕ್ಯಾಟ್. ಅರ್ಥವಿಲ್ಲದ ಅಕ್ಷರಗಳಲ್ಲಿ, ಅಲ್ಲಲ್ಲೇ ಹೊಸೆದು ಹಾಡುವುದು. ಎಲಾ ಫಿಟ್ಜೆರಾಲ್ಡ್ ಅದರಲ್ಲಿ ದೊಡ್ಡ ಹೆಸರು. ಮೇಲೆ ಹೇಳಿದ, ವಾದ್ಯಗಳ ಜೊತೆ ಮೊದಲೇ ಬರೆದಿಟ್ಟ ಸಾಲನ್ನು ಪದವಿಲ್ಲದೆ ಹಾಡುವುದು ಬೇರೆ.

## ಹೊಸ ಸಾಹಿತ್ಯದ ಬಗ್ಗೆ

ಯಾರೋ ನುಡಿಸಿದ ರಾಗಕ್ಕೆ ಪದ ಬರೆಯೋದು ಇವರೇ ಕಂಡುಹಿಡಿದದ್ದಾ?

ಇಲ್ಲ, ಜಾಜ್‌ನಲ್ಲಿ ಇದು ಹಳೆಯ ರೂಢಿ. ‘ಮಿಸ್ಟಿ’ ಮೊದಲು ಎರೊಲ್ ಗಾರ್ನರ್ ಅವರ ಪಿಯಾನೊ ರಾಗವಾಗಿತ್ತು, 1954ರದ್ದು. ಪದ ಬಂದದ್ದು ಆಮೇಲೆ.

ಅದಕ್ಕಿಂತ ಒಂದು ಹೆಜ್ಜೆ ಮುಂದಿನದು ವೊಕಲೀಸ್. ವಾದಕನೊಬ್ಬ ಒಂದು ದಿನ ಸ್ಟುಡಿಯೋದಲ್ಲಿ ಆ ಕ್ಷಣಕ್ಕೆ ಹೊಳೆದಂತೆ ನುಡಿಸಿರುತ್ತಾನೆ. ಆ ಇಡೀ ನುಡಿಸಾಣಿಕೆಯ ಒಂದೊಂದು ಸ್ವರಕ್ಕೂ ಅಕ್ಷರ ಕೂರಿಸುವುದು. 1949ರಲ್ಲಿ ಜೇಮ್ಸ್ ಮೂಡಿ ಸ್ವೀಡನ್ನಿನಲ್ಲಿ ನುಡಿಸಿದ ಸ್ಯಾಕ್ಸೊಫೋನ್‌ಗೆ ಎಡ್ಡಿ ಜೆಫರ್ಸನ್ ಪದ ಬರೆದರು. 1952ರಲ್ಲಿ ಕಿಂಗ್ ಪ್ಲೆಷರ್ ಅದನ್ನು ಹಾಡಿ ರೆಕಾರ್ಡ್ ಮಾಡಿದ ಮೇಲೆ ಊರೆಲ್ಲ ಹಾಡಿತು. ನಮ್ಮ ಸ್ವರಜತಿಯಲ್ಲಿ ಸ್ವರದ ಸಾಲಿಗೆ ಸಾಹಿತ್ಯ ಹೊಂದಿಸಿರುತ್ತಾರಲ್ಲ, ಹೆಚ್ಚುಕಡಿಮೆ ಆ ಕುಸುರಿ. ವ್ಯತ್ಯಾಸ ಅಂದರೆ ಇಲ್ಲಿ ಸ್ವರ ಹಾಕಿದವರು ಅದನ್ನು ಯಾರಾದರೂ ಹಾಡುತ್ತಾರೆ ಅಂತ ಕನಸಿನಲ್ಲೂ ಎಣಿಸಿರುವುದಿಲ್ಲ.

‘ಲಿಂಗರ್ ಅವೈಲ್’ ಆಲ್ಬಂನಲ್ಲೇ ಸಮಾರಾ ಇದನ್ನು ಮಾಡಿದ್ದರು. ಟ್ರಂಪೆಟ್ ವಾದಕ ಫ್ಯಾಟ್ಸ್ ನವಾರೊ 1947ರಲ್ಲಿ ನುಡಿಸಿದ ‘ನೊಸ್ಟಾಲ್ಜಿಯಾ’ಕ್ಕೆ ತಾವೇ ಪದ ಬರೆದರು. ನವಾರೊ 1950ರಲ್ಲಿ, 26 ವರ್ಷಕ್ಕೇ ತೀರಿಕೊಂಡವರು. ಹೆಚ್ಚುಕಡಿಮೆ ಅದೇ ವಯಸ್ಸಿನ ಹುಡುಗಿಯ ಬಾಯಲ್ಲಿ ಆ ಟ್ರಂಪೆಟ್ ಮತ್ತೆ ಮಾತಾಡುವುದನ್ನು ಕೇಳಿದರೆ ಈಗಲೂ ನನ್ನ ಮೈ ಜುಂ ಅನ್ನುತ್ತದೆ.

‘ಲವ್‌ಬರ್ಡ್’ ಅಂದ್ರೆ ಪ್ರೇಮದ ಹಾಡಾ?

ಹೆಸರು ಹಾಗೆ ಕಾಣುತ್ತದೆ, ಹಿಂದೆ ಒಂದು ಸಾವಿದೆ. ಬೇಸ್ ವಾದಕ ಚಾರ್ಲ್ಸ್ ಮಿಂಗಸ್ ಇದನ್ನು ಕಟ್ಟಿದ್ದು ಚಾರ್ಲಿ ಪಾರ್ಕರ್ ನೆನಪಿಗೆ. ಪಾರ್ಕರ್‌ರನ್ನು ಎಲ್ಲರೂ ಕರೆಯುತ್ತಿದ್ದದ್ದೇ ‘ಬರ್ಡ್’ ಅಂತ. 1955ರ ಮಾರ್ಚ್‌ನಲ್ಲಿ, 34 ವರ್ಷಕ್ಕೆ ಹೋಗಿಬಿಟ್ಟರು. ಮಿಂಗಸ್ ಅವರ ರೆಕಾರ್ಡಿಂಗ್ 1957ರ ‘ದ ಕ್ಲೌನ್’ ಆಲ್ಬಂನಲ್ಲಿದೆ. ಅದನ್ನೊಮ್ಮೆ ಕೇಳಿ ಬನ್ನಿ. ಆಮೇಲೆ ಸಮಾರಾ ಅವರದ್ದು ಹಾಕಿದರೆ ಹಕ್ಕಿ ಯಾವುದು, ಮರುಹುಟ್ಟು ಯಾರದ್ದು ಅಂತ ಬೇರೆ ಥರ ಕೇಳಿಸುತ್ತದೆ.

‘ನೌ ಅಂಡ್ ದೆನ್’ ಕೇಳಿದ್ರೆ ಕಣ್ಣಲ್ಲಿ ನೀರು ಬರುತ್ತೆ. ಯಾರ ನೆನಪಿಗೆ ಹಾಡಿರೋದು?

ಪಿಯಾನೊ ವಾದಕ ಬ್ಯಾರಿ ಹ್ಯಾರಿಸ್. ರಾಗ ಅವರದೇ. ಅವರು ದೊಡ್ಡ ಮೇಷ್ಟ್ರು. ನ್ಯೂಯಾರ್ಕಿನಲ್ಲಿ ದಶಕಗಳ ಕಾಲ ವಾರವಾರ ಪಾಠ ನಡೆಸಿದರು. ಯಾರು ಬೇಕಾದರೂ ಬಂದು ಕೂರಬಹುದಿತ್ತು. ಹಾಡುವವರು, ನುಡಿಸುವವರು, ಕಾಲೇಜು ಹುಡುಗರು, ಬೇರೆ ದೇಶದಿಂದ ಬಂದವರು, ಎಲ್ಲರೂ. ಸಮಾರಾ ಕೂಡ ಅಲ್ಲಿ ಕಲಿತವರು. 2021ರ ಡಿಸೆಂಬರ್‌ನಲ್ಲಿ, 92 ತುಂಬಲು ಒಂದು ವಾರ ಇರುವಾಗ, ಹ್ಯಾರಿಸ್ ತೀರಿಕೊಂಡರು. ಮೇಷ್ಟ್ರು ಬಿಟ್ಟುಹೋದ ರಾಗಕ್ಕೆ ಶಿಷ್ಯೆ ಮಾತು ಕೊಟ್ಟಿದ್ದಾಳೆ. ಗುರುದಕ್ಷಿಣೆ ಅನ್ನಲು ಇದಕ್ಕಿಂತ ಏನು ಬೇಕು?

‘ಪೀಸ್ ಆಫ್ ಮೈಂಡ್’ ಯಾಕೆ ಅಷ್ಟು ಗೊಂದಲದ ಹಾಡು?

ಒಂದೇ ವರ್ಷದಲ್ಲಿ ಬದುಕು ತಲೆಕೆಳಗಾದವರ ಮನಸ್ಸು ಹಾಗೇ ಇರುತ್ತದೆ. ಗ್ರ್ಯಾಮಿ ಬಂದ ಮೇಲಿನ ಓಡಾಟ, ಒತ್ತಡದ ಹಿನ್ನೆಲೆಯ ಹಾಡಿದು. ಬ್ಯಾಂಡಿನ ಟೆನರ್ ವಾದಕ ಕೆಂಡ್ರಿಕ್ ಮೆಕ್ಯಾಲಿಸ್ಟರ್ ಜೊತೆ ಸೇರಿ ಬರೆದದ್ದು. ಗಂಟು ಬಿಡಿಸಲಾಗದ ಹಾಗೆ ಸಾಗಿ, ಕೊನೆಗೆ ಸನ್ ರಾ ಅವರ ‘ಡ್ರೀಮ್ಸ್ ಕಮ್ ಟ್ರೂ’ ಬಂದಾಗ ಗಾಳಿ ಆಡುತ್ತದೆ. ಎರಡನ್ನೂ ಬಿಡಿಸಿ ಕೇಳಬೇಡಿ.

## ಇನ್ನೂ ಒಳಗೆ ಹೋಗುವವರಿಗೆ

ಬೇರೆಯವರ ರಾಗಕ್ಕೆ ಪದ ಹಾಕೋಕೆ ಅನುಮತಿ ಬೇಡ್ವಾ?

ಬೇಕು. ಅಮೆರಿಕದ ಕಾನೂನಿನಲ್ಲಿ ಎರಡು ಬೇರೆ ಬೇರೆ ಲೆಕ್ಕ. ಈಗಾಗಲೇ ಬಿಡುಗಡೆಯಾದ ಹಾಡನ್ನು ಇದ್ದಂತೆ ಮತ್ತೆ ರೆಕಾರ್ಡ್ ಮಾಡಲು ಮಾಲೀಕರನ್ನು ಒಪ್ಪಿಸುತ್ತಾ ಕೂರಬೇಕಿಲ್ಲ. ನೋಟಿಸ್ ಕೊಟ್ಟು, ನಿಗದಿ ಮಾಡಿದ ರಾಯಲ್ಟಿ ಕಟ್ಟಿದರೆ ಆಯಿತು. ನಿಮ್ಮ ಶೈಲಿಗೆ ತಕ್ಕಷ್ಟು ಬದಲಾವಣೆಯನ್ನೂ ಮಾಡಬಹುದು. ಆದರೆ ಹೊಸ ಸಾಹಿತ್ಯ ಸೇರಿಸಿದರೆ ಅದು ಹೊಸ ಕೃತಿ ಆಗುತ್ತದೆ. ಅದಕ್ಕೆ ಹಕ್ಕುದಾರರ ಒಪ್ಪಿಗೆ ಬೇಕೇ ಬೇಕು. ಹಕ್ಕಿನ ಅವಧಿ ಮುಗಿದ ಹಾಡಿಗೆ ಈ ಯಾವ ತಾಪತ್ರಯವೂ ಇಲ್ಲ. 1926ರ ‘ಸಮ್‌ವನ್ ಟು ವಾಚ್ ಓವರ್ ಮಿ’ ಅಲ್ಲಿ 2022ರ ಜನವರಿ 1ರಂದು ಎಲ್ಲರ ಹಾಡಾಯಿತು.

ಸ್ಟುಡಿಯೋ ಬಗ್ಗೆ ಎಲ್ಲರೂ ಯಾಕೆ ಅಷ್ಟು ಹೇಳ್ತಾರೆ? ಗೋಡೆಯಲ್ಲಿ ಏನಿದೆ?

ನ್ಯೂಜೆರ್ಸಿಯ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ 1959ರಲ್ಲಿ ಕಟ್ಟಿದ ಸ್ಟುಡಿಯೋ. ಒಳಗೆ ಮರದ ಎತ್ತರದ ಚಾವಣಿ, ಸಣ್ಣ ಚರ್ಚಿನ ಹಾಗೆ. ಸ್ಯಾಕ್ಸೊಫೋನ್ ವಾದಕ ಜಾನ್ ಕೊಲ್ಟ್ರೇನ್ ತಮ್ಮ ಹೆಸರಾಂತ ಆಲ್ಬಂ ‘ಎ ಲವ್ ಸುಪ್ರೀಮ್’ ನುಡಿಸಿದ್ದು ಇಲ್ಲೇ, 1964ರ ಡಿಸೆಂಬರ್‌ನಲ್ಲಿ. ‘ಪೋರ್ಟ್ರೇಟ್’ ಕೂಡ ಇಲ್ಲೇ ರೆಕಾರ್ಡ್ ಆಯಿತು. ಸಮಾರಾ ಜೊತೆ ನಿರ್ಮಾಣ ನೋಡಿಕೊಂಡವರು ಟ್ರಂಪೆಟ್ ವಾದಕ ಬ್ರಯನ್ ಲಿಂಚ್. ಅವರು ಡ್ರಮ್ಮರ್ ಆರ್ಟ್ ಬ್ಲೇಕಿಯವರ ‘ಜಾಜ್ ಮೆಸೆಂಜರ್ಸ್’ ತಂಡದಲ್ಲಿದ್ದವರು. ಊದುವ ವಾದ್ಯಗಳು ಇಷ್ಟು ಗಟ್ಟಿಯಾಗಿ, ಒಗ್ಗಟ್ಟಾಗಿ ಕೇಳಿಸುವುದರಲ್ಲಿ ಅವರ ಕಿವಿಯ ಪಾಲು ಇದ್ದೇ ಇದೆ.

ಸಾರಾ ವಾನ್ ನಕಲು ಅಂತ ಕೆಲವರು ಹೇಳ್ತಾರಲ್ಲ?

ಮೊದಲ ಆಲ್ಬಂ ಕೇಳಿದರೆ ನೆರಳು ಕಾಣುತ್ತದೆ, ಇಲ್ಲ ಅನ್ನಲಾರೆ. ಕೆಳಗಿನ ಸ್ವರಗಳ ಆ ದಪ್ಪ, ತುದಿಯಲ್ಲಿ ಬಿಚ್ಚಿಕೊಳ್ಳುವ ಆ ಕಂಪನ, ಅದೇ ಮನೆಯದು. ಇಪ್ಪತ್ತೊಂದು ವರ್ಷಕ್ಕೆ ಯಾರ ದನಿಯಲ್ಲೂ ಗುರುವಿನ ನೆರಳು ಇರುತ್ತದೆ. ಆದರೆ ‘ಪೋರ್ಟ್ರೇಟ್’ಗೆ ಬರುವ ಹೊತ್ತಿಗೆ ಆಯ್ಕೆಗಳೇ ಬೇರೆ. ಮಿಂಗಸ್‌ಗೆ ಪದ ಬರೆಯುವುದು, ಸನ್ ರಾ ಕಡೆ ತಿರುಗುವುದು ಯಾರ ನಕಲೂ ಅಲ್ಲ.

ನಮ್ಮ ಕರ್ನಾಟಕದವರು ಯಾರಾದ್ರೂ ಜಾಜ್ ಜೊತೆ ಹಾಡಿದ್ದಾರಾ?

ಹಾಡಿದ್ದಾರೆ. ಬೆಂಗಳೂರಿನ ಆರ್.ಎ. ರಮಾಮಣಿಯವರು. ಮೃದಂಗ ವಿದ್ವಾಂಸ ಟಿ.ಎ.ಎಸ್. ಮಣಿ ಅವರ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ ‘ಜ್ಯೋತಿ’ ಅಂತ ಆಲ್ಬಂ ಮಾಡಿತು, 1983ರಲ್ಲಿ. ಮರಿಯಾನೊ ಮಿಂಗಸ್ ಬ್ಯಾಂಡಿನಲ್ಲಿ ನುಡಿಸಿದ್ದವರು. ಅಂದರೆ ‘ಲವ್‌ಬರ್ಡ್’ ಕಟ್ಟಿದವರ ಪಕ್ಕ ನಿಂತವರು ನಮ್ಮ ಊರಿನ ಗಾಯಕಿಯ ಪಕ್ಕವೂ ನಿಂತಿದ್ದರು. ಸ್ಯಾಕ್ಸೊಫೋನ್ ಮತ್ತು ರಮಾಮಣಿಯವರ ದನಿ ಒಂದೇ ಸಾಲನ್ನು ಹಿಡಿದು ಹೋಗುವುದನ್ನು ಕೇಳಿ. ಸಮಾರಾ ಊದುವ ವಾದ್ಯಗಳ ಮಧ್ಯೆ ನಿಂತದ್ದು ಆಗ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ಇಂಥ ರಾಗಕ್ಕೆ ಕನ್ನಡದಲ್ಲಿ ಪದ ಬರೆಯೋಕಾಗುತ್ತಾ?

ನಾನು ಮನೆಮಟ್ಟಿಗೆ ಪ್ರಯತ್ನ ಮಾಡಿ ನೋಡುತ್ತಿದ್ದೇನೆ. ಕಷ್ಟ ಎಲ್ಲಿ ಅಂದರೆ, ಜಾಜ್ ಸಾಲುಗಳು ಹಲವು ಸಲ ಗಕ್ಕನೆ ನಿಲ್ಲುತ್ತವೆ. ಇಂಗ್ಲಿಷ್ ಪದ ವ್ಯಂಜನದಲ್ಲಿ ಮುಗಿಯುವುದರಿಂದ ಅಲ್ಲಿ ಸರಿಯಾಗಿ ಕೂರುತ್ತದೆ. ನಮ್ಮ ಪದಗಳು ಹೆಚ್ಚಾಗಿ ಸ್ವರಾಕ್ಷರದಲ್ಲಿ ಮುಗಿಯುತ್ತವೆ, ಬಾಲ ಉಳಿದುಬಿಡುತ್ತದೆ. ‘ಮನ’ ಅಂದರೆ ಆ ‘ಅ’ ಎಲ್ಲಿಡಬೇಕು? ಉದ್ದ ಎಳೆಯುವ ಸಾಲಿಗೆ ಮಾತ್ರ ಇದೇ ವರ.

ಸಹಾಯಕ್ಕೆ ಬರುವುದು ಒತ್ತಕ್ಷರ. ಹಕ್ಕಿ, ಕತ್ತಲೆ, ಸದ್ದು, ಮತ್ತೆ. ಮಧ್ಯದಲ್ಲಿ ಒಂದು ಚೂರು ತಡೆದು ಬಿಡುವ ಆ ಒತ್ತು ತಾಳದ ಎರಡಕ್ಕೋ ನಾಲ್ಕಕ್ಕೋ ಬಿದ್ದರೆ ಸ್ವಿಂಗ್, ಅಂದರೆ ಜಾಜ್‌ನ ಆ ತೂಗುವ ನಡೆ, ತಾನಾಗಿ ಬರುತ್ತದೆ. ಮಿಂಗಸ್ ರಾಗದ ಮೊದಲ ತುಣುಕಿಗೆ ‘ಹಕ್ಕಿ ಮತ್ತೆ ಬಂತು’ ಅಂತ ಇಟ್ಟು ನೋಡಿದೆ. ‘ಹಕ್ಕಿ’, ‘ಮತ್ತೆ’ ಎರಡೂ ಕೂತವು. ‘ಬಂತು’ವಿನ ಕೊನೆಯ ‘ಉ’ ಒಂದು ಎಣಿಕೆ ಆಚೆಗೆ ಚಾಚಿಕೊಂಡಿದೆ. ಅಮ್ಮ ‘ಬಂದ್’ ಅಂತ ಅರ್ಧಕ್ಕೆ ಬಿಡು ಅನ್ನುತ್ತಾಳೆ. ನಾನಿನ್ನೂ ಒಪ್ಪಿಲ್ಲ.